ರೂಟ್ ಹೆಸರಿಗೆ ಬಂದ ಪತ್ರಗಳು

ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಎರಡು ದೊಡ್ಡ ಹಾರ್ಡ್ ಡಿಸ್ಕ್ ಜೋಡಿಸಿ, ಮನೆಮಂದಿಯ ಫೋಟೋಗಳನ್ನೆಲ್ಲ ಅದರಲ್ಲಿ ತುಂಬಿ ಮೂಲೆಯಲ್ಲಿ ಇಟ್ಟುಕೊಂಡವರು ನಮ್ಮಲ್ಲಿ ಈಗ ಕಡಿಮೆಯೇನಿಲ್ಲ. ಆ ಯಂತ್ರ ಸುಮ್ಮನೆ ಕೂತಿದೆ ಎಂದುಕೊಂಡಿದ್ದರೆ ತಪ್ಪು. ಅದು ಪತ್ರ ಬರೆಯುತ್ತಲೇ ಇರುತ್ತದೆ. ರಾತ್ರಿಯ ಬ್ಯಾಕಪ್ ಕೈಕೊಟ್ಟರೆ ಕ್ರಾನ್ ಬರೆಯುತ್ತದೆ. ಡಿಸ್ಕಿನಲ್ಲಿ ಓದಲಾಗದ ಸೆಕ್ಟರುಗಳು ಸಿಕ್ಕರೆ ಸ್ಮಾರ್ಟ್‌ಡಿ ಬರೆಯುತ್ತದೆ. ರೈಡ್ ಜೋಡಿಯಲ್ಲಿ ಒಂದು ಡಿಸ್ಕ್ ಸತ್ತರೆ ಎಂಡಿಎಡಿಎಂ ಬರೆಯುತ್ತದೆ. ಎಲ್ಲವೂ ರೂಟ್ ಎಂಬ ಬಳಕೆದಾರನ ಹೆಸರಿಗೆ, ಎಲ್ಲವೂ ಅದೇ ಯಂತ್ರದೊಳಗಿನ ಒಂದು ಕಡತಕ್ಕೆ. ಡಿಸ್ಕ್ ಹಾಳಾಗುತ್ತಿದೆ ಎಂಬ ಸುದ್ದಿ ಹಾಳಾಗುತ್ತಿರುವ ಡಿಸ್ಕಿನ ಮೇಲೆಯೇ ದಾಖಲಾಗುತ್ತದೆ! ಟಪಾಲಿನ ತಂತ್ರಾಂಶವನ್ನೇ ಹಾಕದ ಡೆಬಿಯನ್ ಯಂತ್ರವಾದರೆ ಅದೂ ಇಲ್ಲ. ಕಳಿಸುವವರಿಲ್ಲ, ಬಿಸಾಡುತ್ತಿದ್ದೇನೆ ಎಂದು ಕ್ರಾನ್ ಲಾಗಿನಲ್ಲಿ ಒಂದು ಸಾಲು ಗೀಚಿ ಕೈತೊಳೆದುಕೊಳ್ಳುತ್ತದೆ.

ಈ ಏರ್ಪಾಡು ಹುಟ್ಟಿದ ಕಾಲಕ್ಕೆ ಸರಿಯಾಗಿಯೇ ಇತ್ತು. ಎರಿಕ್ ಆಲ್ಮನ್ ಬರ್ಕ್ಲಿಯಲ್ಲಿ ಸೆಂಡ್‌ಮೇಲ್ ಬರೆದ 1980ರ ದಶಕದ ಆರಂಭದಲ್ಲಿ ಒಂದೇ ಯಂತ್ರಕ್ಕೆ ಹಲವು ಟರ್ಮಿನಲ್‌ಗಳು, ಅದನ್ನು ನೋಡಿಕೊಳ್ಳುವವರು ದಿನವೂ ಅದರೊಳಗೇ ಇರುತ್ತಿದ್ದರು. ಲಾಗಿನ್ ಆದ ಕೂಡಲೇ ಹೊಸ ಪತ್ರವಿದೆ ಎಂಬ ಸಾಲು ಕಣ್ಣಿಗೆ ಬೀಳುತ್ತಿತ್ತು. ನಮ್ಮ ಮನೆಯ ಪೆಟ್ಟಿಗೆಗೋ ತಿಂಗಳುಗಟ್ಟಲೆ ಯಾರೂ ಲಾಗಿನ್ ಆಗುವುದಿಲ್ಲ. ಹಾಗಾಗಿ ಪತ್ರವೇ ಹೊರಟು ನಮ್ಮ ಫೋನಿಗೆ ಬರಬೇಕು.

ನೇರವಾಗಿ ಕಳಿಸಿದರಾಗದೇ? 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮಗಳ ಪ್ರಕಾರ ಯಾವ ಯಂತ್ರ ಬೇಕಾದರೂ ಇನ್ಯಾವುದೇ ಯಂತ್ರದ ಬಾಗಿಲು ತಟ್ಟಿ ಪತ್ರ ಕೊಡಬಹುದು. ಆ ಭೋಳೆತನವನ್ನು ಸ್ಪ್ಯಾಮ್ ನುಂಗಿ ನೀರು ಕುಡಿಯಿತು. ಈಗ ಮನೆ ಸಂಪರ್ಕಗಳಲ್ಲಿ 25ನೇ ಪೋರ್ಟ್ ಎಷ್ಟೋ ಕಡೆ ಮುಚ್ಚಿರುತ್ತದೆ. ಗೂಗಲ್ ಕ್ಲೌಡ್, ಡಿಜಿಟಲ್ ಓಷನ್ ಕಂಪನಿಗಳು ಬಾಡಿಗೆಗೆ ಕೊಡುವ ಯಂತ್ರಗಳಲ್ಲೂ ಅಷ್ಟೆ. ತೆರೆದಿದ್ದರೂ ಪ್ರಯೋಜನವಿಲ್ಲ: ಸ್ಪ್ಯಾಮ್‌ಹೌಸ್ ಸಂಸ್ಥೆ ಮನೆ ಬ್ರಾಡ್‌ಬ್ಯಾಂಡಿನ ಐಪಿ ವಿಳಾಸಗಳದ್ದೇ ಒಂದು ಪಟ್ಟಿ ಇಟ್ಟಿದೆ. ಅದರಲ್ಲಿರುವವರು ಕಳ್ಳರೆಂದಲ್ಲ, ಅಲ್ಲಿಂದ ನೇರ ಮೇಲ್ ಬರಬೇಕಾದ್ದಿಲ್ಲ ಎಂದಷ್ಟೇ ಅದರ ಅರ್ಥ. ಆದರೆ ಪಟ್ಟಿ ನೋಡಿ ಬಾಗಿಲು ಹಾಕುವ ಸರ್ವರಿಗೆ ಅರ್ಥ ಕಟ್ಟಿಕೊಂಡು ಏನಾಗಬೇಕು? ಸ್ವಂತ ಮೇಲ್ ಸರ್ವರ್ ಕಟ್ಟದವನು ಹವ್ಯಾಸಿಯೇ ಅಲ್ಲ ಎನ್ನುವ ಗೆಳೆಯರಿದ್ದಾರೆ. ಅವರ ಹಟ ಅವರಿಗಿರಲಿ. ಡಿಸ್ಕ್ ಕೆಟ್ಟಿದೆ ಎಂದು ಹೇಳಬೇಕಾದ ಪತ್ರವನ್ನು ಈ ಜೂಜಿಗೆ ಇಡಲು ನಾನಂತೂ ಒಪ್ಪುವುದಿಲ್ಲ. ಸಾಗಣೆ ಹೊರಗಿನವರದ್ದಾಗಲಿ, ಏನು ಬರೆಯಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿರಲಿ.

ಹೊರಗಿನವರೆಂದರೆ ಯಾರು? ಹೆಚ್ಚಿನವರಿಗೆ ಕೈಗೆ ಸಿಗುವುದು ಜಿಮೇಲ್. ಮಾಮೂಲಿ ಪಾಸ್‌ವರ್ಡ್ ಕೊಟ್ಟು ಕಳಿಸುವ ಕಾಲ 2022ರ ಮೇ ಕೊನೆಗೆ ಮುಗಿಯಿತು. ಈಗ ಎರಡು ಹಂತದ ಪರಿಶೀಲನೆ ಹಾಕಿಕೊಂಡು, 16 ಅಕ್ಷರಗಳ ಆಪ್ ಪಾಸ್‌ವರ್ಡ್ ಪಡೆಯಬೇಕು. ಸರ್ವರಿಗೆಂದೇ ಬೇರೆ ಖಾತೆ ತೆರೆಯುವುದು ವಾಸಿ; ನಿಮ್ಮ ಸ್ವಂತ ಅಂಚೆಯ ಕೀಲಿಯನ್ನು ಮೂಲೆಯಲ್ಲಿರುವ ಯಂತ್ರದೊಳಗೆ ಬಿಡಬೇಡಿ. ಸ್ವಂತ ಡೊಮೇನ್ ಇರುವವರಿಗೆ ನನ್ನ ಆಯ್ಕೆ ಅಮೆಜಾನಿನ ಎಸ್‌ಇಎಸ್. ಅದಕ್ಕೆ ಮುಂಬೈ ಕೇಂದ್ರವಿದೆ. ಹೊಸ ಖಾತೆಯನ್ನು ಅವರು ಮೊದಲು ಸ್ಯಾಂಡ್‌ಬಾಕ್ಸಿನಲ್ಲಿ ಕೂರಿಸುತ್ತಾರೆ: ದಿನಕ್ಕೆ 200 ಪತ್ರ, ಅದೂ ಪರಿಶೀಲಿಸಿದ ವಿಳಾಸಗಳಿಗೆ ಮಾತ್ರ. ವ್ಯಾಪಾರಿಗಳು ಅದರಿಂದ ಹೊರಬರಲು ಅರ್ಜಿ ಹಾಕಿ ಒದ್ದಾಡುತ್ತಾರೆ. ನಮಗೆ ಆ ಗೊಡವೆಯೇ ಬೇಡ. ಬರೆಯುವುದು ನಮಗೆ ನಾವೇ. ಜೀವನಪೂರ್ತಿ ಅಲ್ಲೇ ಇರಬಹುದು.

ಇನ್ನು ಸರ್ವರಿನ ಕಡೆ. ಎಂಎಸ್‌ಎಂಟಿಪಿ ಎಂಬ ಪುಟ್ಟ ತಂತ್ರಾಂಶ ಹತ್ತು ಸಾಲಿನ ಕಡತದಲ್ಲಿ ಕೆಲಸ ಮುಗಿಸುತ್ತದೆ, ಹಾಗಾಗಿ ಅದಕ್ಕೆ ಅಭಿಮಾನಿಗಳು ಬಹಳ. ನನಗೆ ಅದು ರುಚಿಸದಿರುವುದು ಒಂದೇ ಕಾರಣಕ್ಕೆ: ತಾನಾಗಿ ಅದು ಸರದಿಯಲ್ಲಿ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಆ ಗಳಿಗೆಯಲ್ಲಿ ಇಂಟರ್ನೆಟ್ ಇಲ್ಲದಿದ್ದರೆ ಪತ್ರ ಹೋಯಿತು. ನಮ್ಮ ಊರುಗಳಲ್ಲಿ ಕರೆಂಟು ಹೋಗಿ ಬಂದಾಗ ಆಗುವುದೇ ಇದು. ಸರ್ವರ್ ಎದ್ದು ಕೂತು ದೂರು ಹೇಳಲು ಹೊರಟಿರುತ್ತದೆ, ಫೈಬರ್ ಪೆಟ್ಟಿಗೆ ಇನ್ನೂ ದೀಪ ಮಿಟುಕಿಸುತ್ತಿರುತ್ತದೆ. ಪೋಸ್ಟ್‌ಫಿಕ್ಸ್ ಆದರೆ ಪತ್ರವನ್ನು ಸರದಿಯಲ್ಲಿಟ್ಟು, ಮತ್ತೆ ಮತ್ತೆ ಯತ್ನಿಸಿ, ಐದು ದಿನವಾದರೂ ಆಗದಿದ್ದರೆ ಮಾತ್ರ ಕೈಬಿಡುತ್ತದೆ. ವೀಟ್ಸೆ ವೆನೆಮಾ ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದಾಗ ಬರೆದು 1998ರಲ್ಲಿ ಹೊರಬಿಟ್ಟ ತಂತ್ರಾಂಶ ಅದು. ಒಂದೇ ದೈತ್ಯ ಪ್ರೋಗ್ರಾಮಿನ ಬದಲು ಚಿಕ್ಕ ಚಿಕ್ಕ ಪ್ರೋಗ್ರಾಮುಗಳು, ಪ್ರತಿಯೊಂದಕ್ಕೂ ಬೇಕಾದಷ್ಟೇ ಅಧಿಕಾರ. ಇಪ್ಪತ್ತೈದು ವರ್ಷ ಮೀರಿದರೂ ಅದರ ಸೊಗಸು ಮಾಸಿಲ್ಲ.

ಪೋಸ್ಟ್‌ಫಿಕ್ಸ್ ಹಾಕುವಾಗ ಅದು ಮೊದಲು ಕೇಳುವ ಪ್ರಶ್ನೆಗೆ ‘ಇಂಟರ್ನೆಟ್ ಸೈಟ್’ ಎಂದು ಒತ್ತಿಬಿಡುವವರೇ ಹೆಚ್ಚು. ನಮಗೆ ಬೇಕಾದ್ದು ‘ಸ್ಯಾಟಲೈಟ್ ಸಿಸ್ಟಮ್’. ಆಮೇಲೆ ಮೇನ್ ಸಿಎಫ್ ಕಡತದಲ್ಲಿ ರಿಲೇಹೋಸ್ಟ್ ಎಂಬಲ್ಲಿ ಸೇವೆಯವರ ಸರ್ವರ್ ಹೆಸರು, ಪೋರ್ಟ್ 587. ಹೆಸರಿಗೆ ಚೌಕ ಆವರಣ ಹಾಕಲೇಬೇಕು. ಇಲ್ಲದಿದ್ದರೆ ಪೋಸ್ಟ್‌ಫಿಕ್ಸ್ ಆ ಹೆಸರಿನ ಎಂಎಕ್ಸ್ ದಾಖಲೆ ಹುಡುಕಿಕೊಂಡು ಬೇರೆಲ್ಲೋ ಹೋಗಬಹುದು. ಪಾಸ್‌ವರ್ಡ್ ಕಡತದಲ್ಲೂ ಅದೇ ಆವರಣ, ಅದೇ ಪೋರ್ಟ್, ಅಕ್ಷರ ತಪ್ಪದೆ ಇರಬೇಕು. ಆ ಕಡತವನ್ನು ರೂಟ್ ಬಿಟ್ಟು ಬೇರೆಯವರು ಓದದಂತೆ 600 ಅನುಮತಿ ಕೊಟ್ಟು, ಪೋಸ್ಟ್‌ಮ್ಯಾಪ್ ಓಡಿಸಿ. ಟಿಎಲ್‌ಎಸ್ ಮಟ್ಟವನ್ನು ‘ಮೇ’ ಎಂದು ಬಿಟ್ಟರೆ ಗೂಢಲಿಪಿ ಸಿಗದಾಗ ಬಟಾಬಯಲಲ್ಲೇ ಹೋಗಲೂ ಅದು ಸಿದ್ಧ. ‘ಎನ್‌ಕ್ರಿಪ್ಟ್’ ಎಂದು ಬದಲಿಸಿ. ಹೊರಗಿನಿಂದ ಯಾರೂ ಬಂದು ನಿಮ್ಮ ಪೋಸ್ಟ್‌ಫಿಕ್ಸ್ ಬಳಸಕೂಡದು. ಲೂಪ್‌ಬ್ಯಾಕ್ ಮಾತ್ರ ಎಂಬ ಸಾಲು ಹಾಕಿದರೆ ಆಯಿತು.

ಇಷ್ಟಾದರೂ ಪತ್ರ ತಲುಪಲಿಲ್ಲವೆಂದರೆ ಹತ್ತಕ್ಕೆ ಒಂಬತ್ತು ಸಲ ಕಾರಣ ಕಳುಹಿಸುವವರ ವಿಳಾಸ. ಕ್ರಾನ್ ಪಾಪ, ತನಗೆ ತಿಳಿದಂತೆ ರೂಟ್, ಅದರ ಮುಂದೆ ನೀವು ಯಂತ್ರಕ್ಕಿಟ್ಟ ಮುದ್ದಿನ ಹೆಸರು ಎಂದು ಬರೆದಿರುತ್ತದೆ. ಅಂಥ ಡೊಮೇನ್ ಜಗತ್ತಿನಲ್ಲಿಲ್ಲ. ಜಿಮೇಲ್ ಆದರೆ ಅದನ್ನು ಅಳಿಸಿ ನಿಮ್ಮ ಖಾತೆಯ ವಿಳಾಸ ಹಾಕಿಕೊಂಡು ಮುಂದೆ ಸಾಗಿಸುತ್ತದೆ. ಎಸ್‌ಇಎಸ್ ಮುಲಾಜಿಲ್ಲದೆ 554 ಎಂದು ವಾಪಸು ಮಾಡುತ್ತದೆ. ಪೋಸ್ಟ್‌ಫಿಕ್ಸಿನ ಜೆನರಿಕ್ ಮ್ಯಾಪ್ ಇರುವುದೇ ಇದಕ್ಕೆ: ಒಳಗಿನ ಹೆಸರನ್ನು ಹೊರಡುವ ಹೊತ್ತಿಗೆ ನಿಜವಾದ ವಿಳಾಸಕ್ಕೆ ಬದಲಿಸುತ್ತದೆ. ಜೊತೆಗೆ ಏಲಿಯಾಸಸ್ ಕಡತದಲ್ಲಿ ರೂಟ್ ಎದುರು ನಿಮ್ಮ ವಿಳಾಸ ಬರೆದು ನ್ಯೂಏಲಿಯಾಸಸ್ ಓಡಿಸುವುದನ್ನು ಮರೆಯಬೇಡಿ. ಏನೇ ತಕರಾರಿದ್ದರೂ ಮೇಲ್‌ಕ್ಯೂ ಆಜ್ಞೆ ಕೊಟ್ಟರೆ ಯಾವ ಪತ್ರ ಯಾಕೆ ನಿಂತಿದೆ ಎಂದು ಸೇವೆಯವರ ಮಾತಿನಲ್ಲೇ ಹೇಳುತ್ತದೆ. ಇದನ್ನು ಓದದೆ ಗೂಗಲಿಸುವವರಿಗೆ ಏನು ಹೇಳೋಣ.

ಪತ್ರ ಹರಿಯತೊಡಗಿದ ಮೇಲೆ ಇನ್ನೊಂದು ಕಾಯಿಲೆ ಶುರುವಾಗುತ್ತದೆ. ಬ್ಯಾಕಪ್ ಚೆನ್ನಾಗಿ ಆಯಿತು, ಅಪ್‌ಡೇಟ್ ಏನೂ ಇಲ್ಲ, ಡಿಸ್ಕ್ ಇನ್ನೂ ಖಾಲಿ ಇದೆ ಎಂದೆಲ್ಲ ಬೆಳಿಗ್ಗೆ ಎದ್ದೊಡನೆ ಸಾಲುಸಾಲು ಪತ್ರ. ಬಡಾವಣೆಯ ಕಾವಲುಗಾರನ ರಾತ್ರಿ ಸೀಟಿಯ ಹಾಗೆ ಇದು: ದಿನವೂ ಊದಿದ್ದು ಕಿವಿಗೆ ಬೀಳುವುದಿಲ್ಲ, ಒಂದು ರಾತ್ರಿ ಊದದಿದ್ದರೂ ಎಚ್ಚರವಾಗುವುದಿಲ್ಲ. ಕ್ರಾನ್ ಕೆಲಸದಿಂದ ಯಾವ ಸಾಲೂ ಹೊರಬರದಿದ್ದರೆ ಪತ್ರವೂ ಹೊರಡುವುದಿಲ್ಲ. ಹಾಗಾಗಿ ಬಾಯಿಬಡುಕ ಆಜ್ಞೆಯ ಮುಂದೆ ಮೋರ್‌ಯುಟಿಲ್ಸ್ ಕಂತೆಯಲ್ಲಿರುವ ‘ಕ್ರಾನಿಕ್’ ಸೇರಿಸಿ. ಕೆಲಸ ಕೆಟ್ಟಾಗ ಮಾತ್ರ ಅದು ಬಾಯಿ ಬಿಡುತ್ತದೆ. ಆದರೆ ಸರ್ವರೇ ಸತ್ತರೆ ಅದು ಪತ್ರ ಬರೆಯಲಾರದಲ್ಲ. ಅದಕ್ಕೆ ಹೊರಗಿನಿಂದ ನಾಡಿ ನೋಡುವ ಬೇರೆ ಏರ್ಪಾಡು ಬೇಕು. ಮೇಲ್‌ನಿಂದ ಆಗುವ ಕೆಲಸವಲ್ಲ.

ಕೊನೆಗೆ ಪರೀಕ್ಷೆ. ನೀವೇ ಕೈಯಾರೆ ಒಂದು ಪತ್ರ ಕಳಿಸಿ ನೋಡಿದರೆ ಸಾಲದು. ದೂರು ಹೇಳಬೇಕಾದವರಿಂದಲೇ ಹೇಳಿಸಬೇಕು. ಎಂಡಿಎಡಿಎಂನ ಮಾನಿಟರಿಗೆ ‘ಟೆಸ್ಟ್’ ಎಂಬ ಆಯ್ಕೆಯಿದೆ, ಸ್ಮಾರ್ಟ್‌ಡಿ ಕಡತದಲ್ಲೂ ಪರೀಕ್ಷಾ ಪತ್ರದ ಸಾಲು ಹಾಕಬಹುದು. ಎರಡೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳದೆ ಬಂದವೇ ಎಂದು ನೋಡಿ. ಬಿದ್ದರೆ ಫಿಲ್ಟರ್ ಹಾಕಿ. ಜಿಮೇಲ್ ನೆಚ್ಚಿಕೊಂಡವರಿಗೆ ಇನ್ನೊಂದು ಮಾತು: ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಿಸಿದ ಕೂಡಲೇ ಅದರ ಆಪ್ ಪಾಸ್‌ವರ್ಡುಗಳೆಲ್ಲ ರದ್ದಾಗುತ್ತವೆ. ಬದಲಿಸಿದ ದಿನವೇ ಹೊಸದೊಂದನ್ನು ಪಡೆದು ಸರ್ವರಿಗೆ ಕೊಟ್ಟು, ಈ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.