ಸಾಲದ ಕಥೆ, ಲೆಕ್ಕದ ಹಾಳೆ

ಕಾಸರಗೋಡಿನ ನಮ್ಮಲ್ಲಿ ಅನೇಕರಿಗೆ ಸೊಲ್ಲಾಪುರ, ಅಕ್ಕಲಕೋಟೆಗಳ ಹೆಸರು ಪರಿಚಿತವಾದದ್ದು 1967ರ ಮಹಾಜನ ವರದಿಯ ಮೂಲಕ. ನನಗೆ ಆ ಊರುಗಳು ನಿಜವಾಗಿ ಪರಿಚಯವಾದದ್ದು ಸಾಲದ ಮೂಲಕ. ಸೊಲ್ಲಾಪುರದಲ್ಲಿ ಮಾಸ್ತರನಾಗಿದ್ದಾಗ ಮನೆ ಕಟ್ಟಲು ಸಾಲ ತೆಗೆದೆ. ಅದರ ಕಂತು ಕಟ್ಟಲು ಕೈಗಡ ತಂದೆ. ಕೈಗಡ ತೀರಿಸಲು, ಅಲ್ಲಿಯವರು ಭಿಶಿ ಎನ್ನುವ ಚೀಟಿಯನ್ನು ಮೊದಲೇ ಎತ್ತಿದೆ. ಕೊನೆಗೆ ಬಾಗಿಲು ಬಡಿದ ಸದ್ದಾದರೆ ಹಿತ್ತಲಿಗೆ ಸರಿಯುವ ಸ್ಥಿತಿ ಬಂತು. ವಿದ್ಯಾರ್ಥಿಯಾಗಿದ್ದಾಗ ಓದಿದ್ದ ಎರಡು ಕಾದಂಬರಿಗಳನ್ನು ಆ ಅನುಭವ ನನ್ನಿಂದ ಮತ್ತೆ ಓದಿಸಿತು. ಈ ಲೇಖನ ಆ ಮರುಓದಿನ ಫಲ.

ಅಕ್ಕಲಕೋಟೆಯಲ್ಲಿ ನನ್ನ ಸಹೋದ್ಯೋಗಿಯ ತಂದೆಯಿದ್ದರು. ವಕೀಲರೊಬ್ಬರ ಬಳಿ ಗುಮಾಸ್ತರಾಗಿದ್ದವರು, ನಮಗೆಲ್ಲ ಕಾಕಾ. ನಾನು ನನ್ನ ಗೋಳು ಹೇಳತೊಡಗಿದಾಗ ಅವರು ತಡೆದರು: "ಮಾಸ್ತರ, ಕಥಿ ಆಮ್ಯಾಲ ಹೇಳ್ರಿ. ಕೈಗೆ ಎಷ್ಟ ಬಂತು, ಕೈಯಿಂದ ಎಷ್ಟ ಹೋತು, ಮೊದಲನೇ ರೂಪಾಯಿಂದ ಬರೀರಿ." ಮೂರು ಭಾನುವಾರ ಕೂತು ಬರೆದೆವು. ಒಬ್ಬರಿಗೆ ನಾನು ಬಡ್ಡಿಯೆಂದೇ ಅಸಲಿಗಿಂತ ಹೆಚ್ಚು ಕೊಟ್ಟಿದ್ದೆ. ಆದರೂ ಅಸಲು ಹಾಗೆಯೇ ನಿಂತಿತ್ತು. ಹಾಳೆ ಮುಂದಿಟ್ಟಾಗ ಅವರು ಅಸಲನ್ನು ಮಾತ್ರ ಕಂತಿನಲ್ಲಿ ಪಡೆಯಲು ಒಪ್ಪಿದರು. ಅರ್ಧ ಕಟ್ಟಿದ ಮನೆ ಮಾರಿದೆವು. ಹಳೆಯ ಸಾಲಕ್ಕೆ ಹೊಸ ಸಾಲ ತರುವುದಿಲ್ಲವೆಂದು ಮಾತುಕೊಟ್ಟೆ. ಚುಕ್ತಾ ಆಗಲು ಆರು ವರ್ಷ ಹಿಡಿಯಿತು.

ಕಾಕಾ ಅವರ ಈ ವಿಧಾನಕ್ಕೆ ಆ ನೆಲದಲ್ಲೇ ಒಂದು ಇತಿಹಾಸವಿದೆ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪಾದಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ದಂಗೆ ಅಹ್ಮದನಗರ ಜಿಲ್ಲೆಗೂ ಹಬ್ಬಿತು. ಅದರ ಪರಿಣಾಮವಾಗಿ 1879ರಲ್ಲಿ ಬಂದ ದಖ್ಖನ ರೈತರ ಪರಿಹಾರ ಕಾನೂನು ಪುಣೆ, ಸಾತಾರಾ, ಅಹ್ಮದನಗರ, ಸೊಲ್ಲಾಪುರ ಈ ನಾಲ್ಕು ಜಿಲ್ಲೆಗಳಿಗೆ ಅನ್ವಯಿಸಿತು. ನ್ಯಾಯಾಲಯ ಪತ್ರದ ಮೇಲಿನ ಮೊತ್ತವನ್ನಷ್ಟೇ ನಂಬದೆ ಅದರ ಹಿಂದೆ ಹೋಗಿ ವ್ಯವಹಾರವನ್ನು ಮೊದಲಿನಿಂದ ಪರಿಶೀಲಿಸಬೇಕು. ಬಡ್ಡಿ ಅಸಲನ್ನು ಮೀರಬಾರದು. ಹಣ ಕಟ್ಟಲಾಗದ ರೈತನನ್ನು ಸೆರೆಗೆ ಹಾಕಬಾರದು. ಕಂತಿಗೆ ಅವಕಾಶ ಕೊಡಬೇಕು ಎಂದು ಅದು ವಿಧಿಸಿತು. ಅಕ್ಕಲಕೋಟೆ ಆಗ ಭೋಸಲೆಯವರ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಬ್ರಿಟಿಷ್ ಜಿಲ್ಲೆಗಳಿಗೆಂದು ಬಂದ ಆ ಕಾನೂನು ಹೊರಟಾಗ ಅದು ಗೆರೆಯ ಆಚೆಗಿತ್ತು. ಒಂದೇ ಮಾತು, ಒಂದೇ ಜೋಳ, ಒಂದೇ ಬರ. ಆದರೆ ಸಾಲಪತ್ರವನ್ನು ಓದುವ ಕ್ರಮ ಬೇರೆ. ಗಡಿಯೆಂದರೇನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಾಲವನ್ನು ಹಿಂದಿನಿಂದ ಓದಬೇಕೆಂಬ ಈ ತತ್ವವನ್ನು ಸಾಹಿತ್ಯಕ್ಕೂ ಅನ್ವಯಿಸಿ ನೋಡಬೇಕೆಂದು ನನ್ನ ವಾದ. ಶಿವರಾಮ ಕಾರಂತರ 'ಚೋಮನ ದುಡಿ' (1933) ಯನ್ನು ನಾವು ಭೂಮಿಯ ಆಸೆಯ, ಅಸ್ಪೃಶ್ಯತೆಯ ದುರಂತವೆಂದು ಓದಿದ್ದೇವೆ. ತಕಳಿ ಶಿವಶಂಕರ ಪಿಳ್ಳೆಯವರ 'ಚೆಮ್ಮೀನ್' (1956) ಅನ್ನು ಪ್ರೇಮದುರಂತವೆಂದು. ಎರಡು ಓದುಗಳೂ ತಪ್ಪಲ್ಲ. ಆದರೆ ಎರಡರಲ್ಲೂ ಕಥೆಯನ್ನು ನಡೆಸುವುದು ತಂದೆಯ ಸಾಲ, ತೆರುವವಳು ಮಗಳು. ಚೋಮನ ಗಂಡುಮಕ್ಕಳಿಬ್ಬರು ಸಾಲ ತೀರಿಸಲೆಂದು ಕಾಫಿತೋಟಕ್ಕೆ ಹೋಗಿ, ಒಬ್ಬ ಜ್ವರಕ್ಕೆ ಬಲಿಯಾಗುತ್ತಾನೆ, ಇನ್ನೊಬ್ಬ ಮರಳುವುದಿಲ್ಲ. ಬಳಿಕ ಹೋದ ಬೆಳ್ಳಿಯಿಂದ ಸಾಲ ವಜಾ ಆಗುತ್ತದೆ. ಅವಳ ಮೈಯೇ ಅದರ ಬೆಲೆ. ಚೆಂಬನ್‌ಕುಂಞಿ ದೋಣಿ, ಬಲೆ ಕೊಂಡದ್ದು ಪರೀಕುಟ್ಟಿಯ ನೆರವಿನಿಂದ. ಹಿಂದಿರುಗಿಸುವ ಮನಸ್ಸು ಅವನಿಗಿಲ್ಲ. ಅದನ್ನು ಕೊಟ್ಟುಬಿಡಿ ಎಂದು ಹಂಬಲಿಸುವವಳು ಕರುತ್ತಮ್ಮ. ಪ್ರೀತಿ ಯಾವುದು, ಋಣ ಯಾವುದು ಎಂದು ಬಿಡಿಸಲಾಗದ ಗಂಟು ಅವಳ ಬಾಳಿಗೇ ಬೀಳುತ್ತದೆ.

ವ್ಯತ್ಯಾಸವೂ ಗಮನಾರ್ಹ. ಚೋಮನ ಲೆಕ್ಕ ಇರುವುದು ಒಡೆಯರ ಕಡೆ. ಅವರು ಹೇಳಿದ್ದನ್ನು ಅವನು ನಂಬಬೇಕು. ಪರೀಕುಟ್ಟಿಯ ಬಳಿ ಪತ್ರವೂ ಇಲ್ಲ, ಬಡ್ಡಿಯೂ ಇಲ್ಲ. ಲೆಕ್ಕ ಕಾಣದ ಸಾಲಕ್ಕೂ ಲೆಕ್ಕವೇ ಇಲ್ಲದ ಸಾಲಕ್ಕೂ ಕೊನೆಯ ಕಂತು ಎಂಬುದಿಲ್ಲ. ಕಾದಂಬರಿಯೇನು ಖಾತೆ ಪುಸ್ತಕವೇ ಎಂದು ಕೇಳುವವರಿದ್ದಾರೆ. ಅಲ್ಲ. ಇಬ್ಬರು ಮಹಾ ಲೇಖಕರೂ ತಮ್ಮ ಪಾತ್ರಗಳಿಗೆ ಕಾಣದ್ದನ್ನು ಕಾಣಿಸದೆ ಸತ್ಯವನ್ನೇ ಬರೆದಿದ್ದಾರೆ. ದೋಷ ನಮ್ಮಂಥ ವಿಮರ್ಶಕರದು. ಸಾಲವನ್ನು ಬಡತನದ ಹಿನ್ನೆಲೆಯೆಂದು ತಳ್ಳಿ, ಯಾರು ತೆಗೆದರು, ಯಾರು ತೀರಿಸಿದರು ಎಂದು ನಾವು ಕೇಳಲಿಲ್ಲ. ಸಾಲದಿಂದ ಹೊರಬಂದವರ ಕಥೆಗಳು ನಮ್ಮೆರಡು ಭಾಷೆಗಳಲ್ಲೂ ವಿರಳವೆಂದು ನನ್ನ ಓದಿನ ಮಟ್ಟಿಗೆ ಅನ್ನಿಸಿದೆ. ಮುಳುಗುವವನಿಗೆ ಕಣ್ಣೀರು ಸಿಗುತ್ತದೆ. ಈಜಿ ದಡ ಸೇರುವವನ ಆರು ವರ್ಷಗಳಲ್ಲಿ ನಾಟಕೀಯವಾದದ್ದೇನೂ ಇರುವುದಿಲ್ಲ.

ಈ ಮಾತನ್ನು ನಾನು ಹೊರಗೆ ನಿಂತು ಆಡುತ್ತಿಲ್ಲ. ಕಾಕಾ ಹೇಳಿ ಬರೆಸಿದ ಹಾಳೆ ಇಂದಿಗೂ ನನ್ನಲ್ಲಿದೆ. ಮನೆ ಮಾರಿದ ಹಣ, ಅಸಲು, ಬಡ್ಡಿ, ಕಂತು ಎಲ್ಲ ಅದರಲ್ಲಿವೆ. ಅದನ್ನು ನೀಟಾಗಿ ನಕಲು ಮಾಡಿದವಳು ನನ್ನ ಮಗಳು. ಹನ್ನೆರಡನೆಯ ಇಯತ್ತೆ ಮುಗಿಸಿದ ಮೇಲೆ ಎರಡು ವರ್ಷ ಕಾಲೇಜು ಸೇರದೆ ಬಟ್ಟೆಯಂಗಡಿಯಲ್ಲಿ ಲೆಕ್ಕ ಬರೆದು ಸಂಬಳವನ್ನು ನನ್ನ ಕೈಗಿತ್ತಳು. ಆ ಸಂಬಳ ಹಾಳೆಯಲ್ಲಿ ಜಮೆಯಾಗಿದೆ. ಆ ಎರಡು ವರ್ಷಗಳು ಯಾವ ಕಾಲಮಿನಲ್ಲೂ ಇಲ್ಲ. ಬೆಳ್ಳಿಯ ಬಗ್ಗೆ ಹಿಂದೊಮ್ಮೆ ಇಪ್ಪತ್ತು ಪುಟ ಬರೆದಿದ್ದ ನನಗೆ ಅದು ಕಂಡದ್ದು ಚುಕ್ತಾ ಎಂದು ಬರೆದು ಗೆರೆ ಎಳೆದ ಎಷ್ಟೋ ದಿನಗಳ ಮೇಲೆ.