ಅರ್ಸಲಾನ್ ಮತ್ತು ಹೈದರ್

ತುರ್ಕಿಯ 'ಅರ್ತುಗ್ರುಲ್' ಧಾರಾವಾಹಿ 2020ರಲ್ಲಿ ಪಾಕಿಸ್ತಾನ ಟಿವಿಯ ಮೂಲಕ ಉರ್ದುವಿಗೆ ಬಂದ ಮೇಲೆ, ಗಂಡುಮಕ್ಕಳಿಗೆ ತುರ್ಕಿ ಹೆಸರು ಹುಡುಕುವವರಿದ್ದಾರೆ. ಅರ್ತುಗ್ರುಲ್ ಎಂದರೆ ಗಿಡುಗನಂಥ ಗಂಡು, ಅರ್ಸಲಾನ್ ಎಂದರೆ ಸಿಂಹ. ಹೆಸರಿನ ಪಟ್ಟಿಗಳು ಇಷ್ಟು ಹೇಳಿ ಸುಮ್ಮನಾಗುತ್ತವೆ. ನಮ್ಮ ಉಸ್ಮಾನನೇ ಅಲ್ಲಿ ಒಸ್ಮಾನ್ ಎಂದರೆ ಹೊಸತನದ ಮೆರುಗು ಹೋದೀತಲ್ಲ!

ತುರ್ಕಿ ಮಾತು ನಮ್ಮಲ್ಲಿಗೆ ಈಗ ಬಂದದ್ದೇನಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮನೆಗಳಲ್ಲಿ ಕರೆಯುವ ಖಾನ್, ಬೇಗ್, ಬೇಗಂ ಎಲ್ಲವೂ ಅಲ್ಲಿಯವೇ. ಬೇಗ್ ಎಂದರೆ ನಾಯಕ. 'ಉರ್ದು' ಎಂದರೆ ದಂಡಿನ ಪಾಳೆಯ. ಪಾಳೆಯಗಾರರ ದುರ್ಗಕ್ಕೆ ಇದೇನು ಪರಕೀಯವೇ?

ಅಸದ್, ಶೇರ್, ಹೈದರ್ ಕೂಡ ಸಿಂಹವೇ. ಆದರೆ 1779ರಲ್ಲಿ ಮದಕರಿನಾಯಕನಿಂದ ಚಿತ್ರದುರ್ಗದ ಕೋಟೆ ಗೆದ್ದವನು ಹೈದರ್ ಅಲಿ. ತರಗತಿಯಲ್ಲಿ ಒನಕೆ ಓಬವ್ವನ ಪಾಠ ನಡೆದಾಗ ಹೈದರ್ ಎಂಬ ಹುಡುಗನ ಕಡೆ ಕಣ್ಣುಗಳು ಹೊರಳುತ್ತವೆ. ಅರ್ಸಲಾನನ ಕಡೆ ಹೊರಳುವುದಿಲ್ಲ. ಹೈದರ್ ಎಂಬುದು ಹಜ್ರತ್ ಅಲಿಯವರ ಬಿರುದೆಂದು ಆ ಮಕ್ಕಳಿಗೆ ಯಾರು ಹೇಳಿರುತ್ತಾರೆ? ಪಟ್ಟಿಯ ಅರ್ಥದಲ್ಲಿ ಈ ವ್ಯತ್ಯಾಸಕ್ಕೆ ಜಾಗವಿಲ್ಲ. ಅಂಥ ಬೆಂಚಿನಲ್ಲಿ ಕೂತೆದ್ದ ತಂದೆಯೊಬ್ಬ ಮಗನಿಗೆ ಅರ್ಸಲಾನ್ ಎಂದಿಟ್ಟರೆ, ಟಿವಿ ಹುಚ್ಚೆಂದು ನಾನಂತೂ ನಗಲಾರೆ.