ಬಂದವರು, ಬಾರದವರು

ಬ್ರಿಟನ್ನಿನ ಯು.ಕೆ. ಬಯೋಬ್ಯಾಂಕ್ ಎಂಬ ಸಂಸ್ಥೆಯು 2006ರಿಂದ 2010ರವರೆಗೆ, 40ರಿಂದ 69 ವರ್ಷ ವಯಸ್ಸಿನ ಸುಮಾರು 5 ಲಕ್ಷ ಜನರಿಂದ ರಕ್ತವನ್ನೂ ಆರೋಗ್ಯವೃತ್ತಾಂತವನ್ನೂ ಸಂಗ್ರಹಿಸಿತು. ಆ ರಕ್ತದಿಂದ ಪಡೆದ ಡಿಎನ್‌ಎಯನ್ನು ಆಧಾರವಾಗಿಟ್ಟುಕೊಂಡು ನಾನಾ ದೇಶಗಳ ವಿದ್ವಾಂಸರು ರೋಗಗಳ ಆನುವಂಶಿಕ ಮೂಲವನ್ನು ಶೋಧಿಸುತ್ತಿರುವರು. ಈ ಸಂಗ್ರಹಕ್ಕೆ ಬಂದವರು ದೇಶದ ಜನರನ್ನು ಎಷ್ಟರಮಟ್ಟಿಗೆ ಪ್ರತಿನಿಧಿಸುವರೆಂಬುದನ್ನು ಅನ್ನಾ ಫ್ರೈ ಮತ್ತು ಸಹಲೇಖಕರು 2017ರಲ್ಲಿ ಅಮೆರಿಕನ್ ಜರ್ನಲ್ ಆಫ್ ಎಪಿಡೆಮಿಯಾಲಜಿ ಎಂಬ ಪತ್ರಿಕೆಯಲ್ಲಿ ಪರೀಕ್ಷಿಸಿದರು. ಆ ಪ್ರಬಂಧದ ಗುಣದೋಷಗಳು ವಿಚಾರಾರ್ಹವಾಗಿವೆ.

ಅದರ ಮುಖ್ಯ ಗುಣವು ಪ್ರಾಮಾಣಿಕತೆ. ಆಹ್ವಾನ ಹೋದುದು ಸುಮಾರು 92 ಲಕ್ಷ ಜನರಿಗೆ. ಓಗೊಟ್ಟು ಬಂದವರು ನೂರಕ್ಕೆ 5.5 ಮಾತ್ರ. ಬಂದವರಲ್ಲಿ ಬಡ ಪ್ರದೇಶಗಳ ನಿವಾಸಿಗಳು ಕಡಿಮೆ, ಧೂಮಪಾನಿಗಳು ಕಡಿಮೆ, ಸ್ಥೂಲಕಾಯರೂ ಕಡಿಮೆ. 70ರಿಂದ 74ರ ವಯಸ್ಸಿನಲ್ಲಿ ಅವರ ಮರಣಪ್ರಮಾಣವು ಜನಸಾಮಾನ್ಯರದಕ್ಕಿಂತ ಗಂಡಸರಲ್ಲಿ ನೂರಕ್ಕೆ 46.2ರಷ್ಟು, ಹೆಂಗಸರಲ್ಲಿ 55.5ರಷ್ಟು ಕಡಿಮೆಯಾಗಿದ್ದಿತು. ಆದಕಾರಣ ದೇಶದಲ್ಲಿ ಯಾವ ರೋಗವು ಎಷ್ಟಿದೆಯೆಂಬುದನ್ನು ಈ ಸಂಗ್ರಹದಿಂದ ಅಳೆಯಲಾಗದೆಂದು ಲೇಖಕರು ನಿಸ್ಸಂಕೋಚವಾಗಿ ಒಪ್ಪಿರುವರು.

ಆದರೆ ಅವರ ಎರಡನೆಯ ನಿರ್ಣಯವು ಬೇರೆ: ಸಂಗ್ರಹವು ದೊಡ್ಡದಾಗಿ ವೈವಿಧ್ಯವುಳ್ಳದ್ದಾದುದರಿಂದ, ಕಾರಣಕ್ಕೂ ರೋಗಕ್ಕೂ ಇರುವ ಸಂಬಂಧವನ್ನು ಅದರಲ್ಲಿ ಕಂಡುಕೊಂಡು ಎಲ್ಲರಿಗೂ ಅನ್ವಯಿಸಬಹುದೆಂಬುದು. ಇದು ಹಾಗೆಯೇ ಒಪ್ಪತಕ್ಕುದಲ್ಲ. ವಿದ್ಯಾವಂತರೂ ಆರೋಗ್ಯವಂತರೂ ಹೆಚ್ಚಾಗಿ ಬಂದರೆನ್ನೋಣ. ವಿದ್ಯೆ ಕಡಿಮೆಯಿದ್ದೂ ಬಂದವರು ಬಹುಮಟ್ಟಿಗೆ ಆರೋಗ್ಯವಂತರೇ ಆಗಿರುವರು. ಹೀಗೆ ಬಂದವರನ್ನಷ್ಟೇ ನೋಡಿದರೆ ವಿದ್ಯೆಗೂ ಆರೋಗ್ಯಕ್ಕೂ ಇರುವ ನಿಜವಾದ ಸಂಬಂಧವು ಮರೆಯಾಗುವುದು. ಇಲ್ಲದ ಸಂಬಂಧವು ತಲೆದೋರಲೂಬಹುದು. ಸಂಖ್ಯೆಯು ಬೆಳೆದರೆ ಈ ದೋಷವು ಕರಗದು. ತಪ್ಪಿಗೇ ನಿಶ್ಚಿತತೆಯ ವೇಷ ಬರುವುದು.

ಇದು ಬರಿಯ ತರ್ಕವಲ್ಲ. ನಿಕೊಲಾ ಪಿರಾಸ್ತು ಮೊದಲಾದವರು 2021ರಲ್ಲಿ 33 ಲಕ್ಷ ಜನರ ಆನುವಂಶಿಕ ಸಾಮಗ್ರಿಯನ್ನು ಪರಿಶೀಲಿಸಿದರು. ಲಿಂಗವನ್ನು ನಿರ್ಣಯಿಸದ ವರ್ಣತಂತುಗಳಲ್ಲಿಯ ಭೇದಗಳು ಗಂಡುಹೆಣ್ಣುಗಳಿಗೆ ಸಮನಾಗಿ ಹಂಚಿಹೋಗತಕ್ಕವು. ಆದರೂ 150ಕ್ಕೂ ಹೆಚ್ಚು ಸ್ಥಾನಗಳಲ್ಲಿ ವ್ಯತ್ಯಾಸ ಕಂಡುಬಂದಿತು. ಜನರು ತಾವಾಗಿ ಮುಂದೆ ಬಂದು ಸೇರಬೇಕಾದ ಸಂಗ್ರಹಗಳಲ್ಲಿ, ಯು.ಕೆ. ಬಯೋಬ್ಯಾಂಕಿನಲ್ಲಿ ಕೂಡ, ಇದರ ಕುರುಹು ತೋರಿತು. ಅಂಥ ಶ್ರಮವು ಹೆಚ್ಚು ಬೇಡದ ಫಿನ್ಲೆಂಡ್, ಜಪಾನುಗಳ ಸಂಗ್ರಹಗಳಲ್ಲಿ ತೋರಲಿಲ್ಲ. ಗಂಡಸರನ್ನೂ ಹೆಂಗಸರನ್ನೂ ಕರೆತಂದ ಗುಣಗಳು ಒಂದೇ ಅಲ್ಲವೆಂಬುದು ಇದರ ತಾತ್ಪರ್ಯ.

ಉಳಿದ ಓಲೆಪ್ರತಿಗಳಿಂದ ಪಾಠವನ್ನು ನಿರ್ಣಯಿಸುವ ಸಂಪಾದಕನು ಅಳಿದ ಪ್ರತಿಗಳನ್ನು ಮರೆಯುವುದಿಲ್ಲ. ಫ್ರೈಯವರ ಪ್ರಬಂಧವು ಬಾರದವರನ್ನು ಎಣಿಸಿ ದೊಡ್ಡ ಉಪಕಾರ ಮಾಡಿದೆ. ಆದರೆ ಎಣಿಸಿದ ಮೇಲೆ ಅವರನ್ನು ಬೇಗನೆ ಬಿಟ್ಟುಕೊಟ್ಟಿದೆ. ಬಾರದವರಲ್ಲಿ ಬಡವರೂ ರೋಗಿಗಳೂ ಹೆಚ್ಚು. ಚಿಕಿತ್ಸೆಯು ಮೊದಲು ಬೇಕಾದುದು ಅವರಿಗೇ.